ಚಿಪ್ಪಿಕಲ್ಲಿನ ವೈಜ್ಞಾನಿಕ ನಾಮಕರಣ ಮತ್ತು ವರ್ಗೀಕರಣ: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಅಳಿವೆಗಳಲ್ಲಿ ದೊರೆಯುವ ಎರಡು ಚಿಪ್ಪಿನ ಜಲಚರಗಳು ಜನಸಾಮಾನ್ಯರಲ್ಲಿ ಚಿಪ್ಪಿಕಲ್ಲು, ಬಳಚು, ತಿಸ್ರೆ ಮುಂತಾದ ಹೆಸರುಗಳಿಂದ ಪರಿಚಿತವಾಗಿವೆ. ಇವು ಅನೇಕ ಕುಟುಂಬಗಳಿಗೆ ಆಹಾರವೂ ಜೀವನೋಪಾಯವೂ ಆಗಿವೆ. ಸರ್ಕಾರಿ ದಾಖಲೆಗಳು, ಜೀವವೈವಿಧ್ಯ ದಾಖಲಾತಿಗಳು ಮತ್ತು ಸಂಶೋಧನಾ ವರದಿಗಳಲ್ಲಿ ಇವುಗಳನ್ನು ವೈಜ್ಞಾನಿಕ ಹೆಸರುಗಳಿಂದ ನಮೂದಿಸಲಾಗುತ್ತದೆ. ಒಂದೇ ಪ್ರಾಣಿಗೆ ಬೇರೆ ಬೇರೆ ದಾಖಲೆಗಳಲ್ಲಿ ಬೇರೆ ಬೇರೆ ವೈಜ್ಞಾನಿಕ ಹೆಸರು ಇರುವುದು ಕಂಡುಬಂದಾಗ ಅರ್ಜಿದಾರರಲ್ಲಿ ಗೊಂದಲ ಉಂಟಾಗುವುದು ಸಹಜ. ಈ ಹೆಸರುಗಳು ಹೇಗೆ ಏರ್ಪಡುತ್ತವೆ, ಏಕೆ ಬದಲಾಗುತ್ತವೆ, ಹಳೆಯ ಹೆಸರಿನಿಂದ ಇಂದಿನ ಹೆಸರನ್ನು ಗುರುತಿಸುವ ಬಗೆ ಯಾವುದು ಎಂಬುದನ್ನು ಒಂದು ಪ್ರಭೇದದ ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ. ಇಂಗ್ಲಿಷಿನಲ್ಲಿ ಶಾರ್ಟ್ ನೆಕ್ ಕ್ಲಾಮ್ ಎಂದು ಕರೆಯಲ್ಪಡುವ, ಭಾರತದ ದಾಖಲೆಗಳಲ್ಲಿ ಬಹುಕಾಲ ಪಾಫಿಯಾ ಮಲಬಾರಿಕಾ ಎಂಬ ಹೆಸರಿನಲ್ಲಿದ್ದ ಚಿಪ್ಪಿಕಲ್ಲನ್ನು ಇದಕ್ಕಾಗಿ ಆರಿಸಿಕೊಳ್ಳಲಾಗಿದೆ.

1. ಜೊಯಿಡಾ ತಾಲ್ಲೂಕು ಮತ್ತು ಅಳಿವೆಯ ಚಿಪ್ಪಿಕಲ್ಲು

ಜೊಯಿಡಾ ತಾಲ್ಲೂಕಿಗೆ ಕಡಲ ತೀರವಿಲ್ಲ. ಆದಾಗ್ಯೂ ಈ ತಾಲ್ಲೂಕಿನ ಡಿಗ್ಗಿ ಬಳಿ ಉಗಮಿಸುವ ಕಾಳಿ ನದಿಯು ಸುಮಾರು 184 ಕಿ.ಮೀ. ಹರಿದು ಕಾರವಾರದ ಬಳಿ, ಕೋಡಿಬಾಗ ಮತ್ತು ಸದಾಶಿವಗಡಗಳ ನಡುವೆ, ಅರಬ್ಬೀ ಸಮುದ್ರವನ್ನು ಸೇರುತ್ತದೆ. ನದಿಯ ಸಿಹಿನೀರು ಮತ್ತು ಕಡಲಿನ ಉಪ್ಪುನೀರು ಬೆರೆಯುವ ಈ ಭಾಗವೇ ಅಳಿವೆ. ಅಳಿವೆಯ ಯಾವ ಭಾಗದಲ್ಲಿ ಯಾವ ಚಿಪ್ಪಿಕಲ್ಲು ಬದುಕುತ್ತದೆ ಎಂಬುದು ಅಲ್ಲಿನ ನೀರಿನ ಉಪ್ಪಿನಂಶವನ್ನು ಅವಲಂಬಿಸಿದೆ. ಸೂಪಾ ಜಲಾಶಯವೂ ಸೇರಿದಂತೆ ನದಿಯ ಮೇಲ್ಭಾಗದ ಅಣೆಕಟ್ಟುಗಳಿಂದ ಯಾವ ಋತುವಿನಲ್ಲಿ ಎಷ್ಟು ನೀರು ಕೆಳಗೆ ಬರುತ್ತದೆ ಎಂಬುದಕ್ಕೂ ಅಳಿವೆಯ ಉಪ್ಪಿನಂಶಕ್ಕೂ ನೇರ ಸಂಬಂಧವಿದೆ.

ಪಾಫಿಯಾ ಮಲಬಾರಿಕಾ ಎಂದು ದಾಖಲಾದ ಚಿಪ್ಪಿಕಲ್ಲು ಸಾಮಾನ್ಯವಾಗಿ ಅಳಿವೆಯ ಬಾಯಿಗೆ ಸಮೀಪದ, ಉಪ್ಪಿನಂಶ ಹೆಚ್ಚಿರುವ ಮರಳು ಮಿಶ್ರಿತ ತಳದಲ್ಲಿ ವಾಸಿಸುತ್ತದೆ. ಕಪ್ಪು ಚಿಪ್ಪಿಕಲ್ಲು ಎಂದು ಕರೆಯಬಹುದಾದ ವಿಲ್ಲೊರಿಟಾ ಸಿಪ್ರಿನಾಯ್ಡಿಸ್ ಎಂಬ ಪ್ರಭೇದವು ಉಪ್ಪಿನಂಶ ಕಡಿಮೆ ಇರುವ ಮೇಲ್ಭಾಗದಲ್ಲಿ ವಾಸಿಸುತ್ತದೆ. ಆದುದರಿಂದ ಒಂದು ಅಳಿವೆಯ ಕುರಿತು "ಚಿಪ್ಪಿಕಲ್ಲು ಕಡಿಮೆಯಾಗಿದೆ" ಎಂದು ಬರೆದ ಅರ್ಜಿಯು ಅಪೂರ್ಣವಾಗುತ್ತದೆ. ಯಾವ ಪ್ರಭೇದ ಕಡಿಮೆಯಾಗಿದೆ, ಯಾವುದು ಉಳಿದಿದೆ ಎಂಬುದು ತಿಳಿದರೆ ನೀರಿನಲ್ಲಿ ಉಂಟಾಗಿರುವ ಬದಲಾವಣೆಯ ಸ್ವರೂಪವೂ ತಿಳಿಯುತ್ತದೆ. ಹೆಸರಿನ ನಿಖರತೆ ಅಗತ್ಯವಾಗುವುದು ಈ ಕಾರಣಕ್ಕಾಗಿ.

ಇದೇ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಕಡಲನ್ನು ಸೇರುವ ಅಘನಾಶಿನಿ ನದಿಯ ಅಳಿವೆಯು ಚಿಪ್ಪಿಕಲ್ಲಿಗೆ ಹೆಸರುವಾಸಿಯಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿಕಲ್ಲು ದೊರೆಯುತ್ತಿದ್ದು, 2,300ಕ್ಕೂ ಹೆಚ್ಚು ಜನರು ಅದನ್ನು ಸಂಗ್ರಹಿಸುವ ಕೆಲಸದಲ್ಲಿ ನೇರವಾಗಿ ತೊಡಗಿದ್ದರು. ಈ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು. ಇಷ್ಟು ಜನರ ದುಡಿಮೆಗೆ ಆಧಾರವಾಗಿರುವ ಜೀವಿಯ ಹೆಸರು ದಾಖಲೆಗಳಲ್ಲಿ ಸರಿಯಾಗಿ ಇರಬೇಕಾದುದು ಅವಶ್ಯಕ.

2. ಸ್ಥಳೀಯ ಹೆಸರು ಮತ್ತು ವೈಜ್ಞಾನಿಕ ಹೆಸರು

ಕೊಂಕಣಿ ಮಾತನಾಡುವವರು ತಿಸ್ರೆ ಅಥವಾ ತಿಸ್ರ್ಯೊ ಎಂದೂ, ತುಳು ಮಾತನಾಡುವವರು ಮರುವಾಯಿ ಎಂದೂ, ಕರಾವಳಿಯ ಕನ್ನಡಿಗರು ಬಳಚು ಅಥವಾ ಚಿಪ್ಪಿಕಲ್ಲು ಎಂದೂ ಕರೆಯುವ ಪ್ರಾಣಿಗಳು ಒಂದೇ ಪ್ರಭೇದಕ್ಕೆ ಸೇರಿದವುಗಳಲ್ಲ. ಪ್ರತಿಯೊಂದು ಸ್ಥಳೀಯ ಹೆಸರೂ ಎರಡು, ಮೂರು ಅಥವಾ ಅದಕ್ಕಿಂತ ಹೆಚ್ಚು ಪ್ರಭೇದಗಳನ್ನು ಒಳಗೊಂಡಿರಬಹುದು. ಒಂದು ಊರಿನ ಹೆಸರು ಪಕ್ಕದ ಊರಿನಲ್ಲಿ ಬೇರೆ ಪ್ರಾಣಿಗೆ ಸಲ್ಲುವುದೂ ಉಂಟು.

ಸ್ಥಳೀಯ ಹೆಸರುಗಳು ಇದರಿಂದ ತಪ್ಪು ಎಂದು ಅರ್ಥವಲ್ಲ. ಪ್ರಾಣಿಯ ವಾಸಸ್ಥಾನ, ದೊರೆಯುವ ಕಾಲ, ರುಚಿ ಮತ್ತು ಉಪಯೋಗಗಳ ಕುರಿತ ತಿಳಿವಳಿಕೆಯು ಸ್ಥಳೀಯ ಹೆಸರಿನೊಂದಿಗೆ ಬೆಸೆದುಕೊಂಡಿರುತ್ತದೆ. ಆದರೆ ಕಾರವಾರದ ದಾಖಲೆಯನ್ನು ಕೇರಳದಲ್ಲಿಯೋ ಹೊರದೇಶದಲ್ಲಿಯೋ ಓದುವವರಿಗೆ ಅದೇ ಪ್ರಾಣಿ ತಿಳಿಯಬೇಕಾದರೆ ಎಲ್ಲರಿಗೂ ಸಮಾನವಾದ ಒಂದು ಹೆಸರು ಬೇಕು. ಆ ಕೆಲಸವನ್ನು ವೈಜ್ಞಾನಿಕ ಹೆಸರು ಮಾಡುತ್ತದೆ. ಉತ್ತಮ ದಾಖಲೆಯಲ್ಲಿ ಎರಡೂ ಹೆಸರುಗಳು ಇರತಕ್ಕದ್ದು.

3. ದ್ವಿನಾಮ ಪದ್ಧತಿ

ಸ್ವೀಡನ್ ದೇಶದ ವಿಜ್ಞಾನಿ ಕಾರ್ಲ್ ಲಿನೇಯಸ್ ಪ್ರತಿಯೊಂದು ಪ್ರಭೇದಕ್ಕೂ ಎರಡು ಪದಗಳ ಹೆಸರನ್ನು ನೀಡುವ ಪದ್ಧತಿಯನ್ನು ನೆಲೆಗೊಳಿಸಿದರು. ಅವರ "ಸಿಸ್ಟೆಮಾ ನ್ಯಾಚುರೇ" ಗ್ರಂಥದ 10ನೇ ಆವೃತ್ತಿಯನ್ನು (1758) ಪ್ರಾಣಿಗಳ ವೈಜ್ಞಾನಿಕ ನಾಮಕರಣದ ಆರಂಭಬಿಂದುವೆಂದು ಒಪ್ಪಿಕೊಳ್ಳಲಾಗಿದೆ. ಅದಕ್ಕೂ ಹಿಂದಿನ ಹೆಸರುಗಳಿಗೆ ನಿಯಮದ ದೃಷ್ಟಿಯಲ್ಲಿ ಮಾನ್ಯತೆ ಇರುವುದಿಲ್ಲ.

ಎರಡು ಪದಗಳಲ್ಲಿ ಮೊದಲನೆಯದು ಕುಲದ ಹೆಸರು. ಎರಡನೆಯದು ಆ ಕುಲದೊಳಗಿನ ಪ್ರಭೇದವನ್ನು ಗುರುತಿಸುವ ಪದ. ರೋಮನ್ ಲಿಪಿಯಲ್ಲಿ ಬರೆಯುವಾಗ ಕುಲದ ಹೆಸರು ದೊಡ್ಡಕ್ಷರದಿಂದಲೂ ಪ್ರಭೇದಪದವು ಚಿಕ್ಕಕ್ಷರದಿಂದಲೂ ಆರಂಭವಾಗುತ್ತವೆ. ಎರಡನ್ನೂ ಓರೆ ಅಕ್ಷರಗಳಲ್ಲಿ ಮುದ್ರಿಸುವುದು ರೂಢಿ. ಇವುಗಳ ನಂತರ ಪ್ರಭೇದವನ್ನು ಮೊದಲು ವಿವರಿಸಿ ಹೆಸರಿಸಿದವರ ಹೆಸರು ಮತ್ತು ಪ್ರಕಟಣೆಯ ವರ್ಷವನ್ನು ಸೇರಿಸಲಾಗುತ್ತದೆ.

ಇಲ್ಲಿ ಆವರಣ ಚಿಹ್ನೆಗೆ ವಿಶೇಷ ಅರ್ಥವಿದೆ. ಪ್ರಭೇದವು ಇಂದಿಗೂ ಮೊದಲು ಹೆಸರಿಸಿದ ಕುಲದಲ್ಲಿಯೇ ಇದ್ದರೆ ಕರ್ತೃವಿನ ಹೆಸರನ್ನು ಆವರಣವಿಲ್ಲದೆ ಬರೆಯಲಾಗುತ್ತದೆ. ಅನಂತರ ಬೇರೆ ಕುಲಕ್ಕೆ ವರ್ಗಾವಣೆಯಾಗಿದ್ದರೆ ಕರ್ತೃವಿನ ಹೆಸರು ಮತ್ತು ವರ್ಷ ಆವರಣದೊಳಗೆ ಬರುತ್ತವೆ. ಹೆಸರಿನ ಮುಂದೆ ಆವರಣ ಕಂಡರೆ, ಈ ಪ್ರಭೇದ ಹಿಂದೆ ಬೇರೊಂದು ಕುಲದ ಹೆಸರಿನಲ್ಲಿ ದಾಖಲಾಗಿತ್ತು ಎಂದು ತಿಳಿಯಬಹುದು.

ಪ್ರಾಣಿಗಳ ಹೆಸರುಗಳಿಗೆ ಸಂಬಂಧಿಸಿದ ನಿಯಮಗಳನ್ನು ಅಂತರರಾಷ್ಟ್ರೀಯ ಪ್ರಾಣಿನಾಮಕರಣ ಆಯೋಗವು ರೂಪಿಸುತ್ತದೆ. ಈ ಆಯೋಗವು 1895ರಲ್ಲಿ ಸ್ಥಾಪಿತವಾಯಿತು. ಅದರ ಸಂಹಿತೆಯ 4ನೇ ಆವೃತ್ತಿಯು 1999ರಲ್ಲಿ ಪ್ರಕಟವಾಗಿ 2000ದ ಜನವರಿ 1ರಿಂದ ಜಾರಿಗೆ ಬಂದಿತು.

4. ಶಾರ್ಟ್ ನೆಕ್ ಕ್ಲಾಮ್: ವರ್ಗೀಕರಣ

ಪ್ರಸ್ತುತ ಅಂಗೀಕೃತವಾಗಿರುವ ವರ್ಗೀಕರಣವು ಈ ಕೆಳಕಂಡಂತಿದೆ:

ಸಾಮ್ರಾಜ್ಯ: ಅನಿಮೇಲಿಯಾ (ಪ್ರಾಣಿಗಳು)
ವಂಶ: ಮೊಲಸ್ಕಾ (ಮೃದ್ವಂಗಿಗಳು)
ವರ್ಗ: ಬೈವಾಲ್ವಿಯಾ (ಎರಡು ಚಿಪ್ಪಿನವು)
ಗಣ: ವೆನೆರಿಡಾ
ಕುಟುಂಬ: ವೆನೆರಿಡೇ
ಕುಲ: ಪ್ರೊಟಾಪಿಸ್
ಪ್ರಭೇದ: ಪ್ರೊಟಾಪಿಸ್ ಗ್ಯಾಲಸ್ (ಗ್ಮೆಲಿನ್, 1791)

ಬೈವಾಲ್ವಿಯಾ ವರ್ಗಕ್ಕೆ ಹಳೆಯ ಪಠ್ಯಪುಸ್ತಕಗಳಲ್ಲಿ ಪೆಲೆಸಿಪೋಡಾ ಮತ್ತು ಲ್ಯಾಮೆಲ್ಲಿಬ್ರಾಂಕಿಯಾ ಎಂಬ ಹೆಸರುಗಳೂ ಇವೆ. ಅವು ಬೇರೆ ವರ್ಗಗಳಲ್ಲ. ಒಂದೇ ವರ್ಗದ ಹಿಂದಿನ ಹೆಸರುಗಳು. ಅದೇ ರೀತಿ ಹಿಂದಿನ ಗ್ರಂಥಗಳಲ್ಲಿನ ವೆನೆರಾಯ್ಡಾ ಎಂಬ ಗಣದ ಬದಲಿಗೆ ಈಗ ವೆನೆರಿಡಾ ಎಂಬ ಹೆಸರನ್ನು ಬಳಸಲಾಗುತ್ತಿದೆ.

ವೆನೆರಿಡೇ ಕುಟುಂಬವು ಎರಡು ಚಿಪ್ಪಿನ ಜೀವಿಗಳ ದೊಡ್ಡ ಕುಟುಂಬಗಳಲ್ಲಿ ಒಂದಾಗಿದೆ. ಜಿಲ್ಲೆಯ ಅಳಿವೆಗಳಲ್ಲಿ ಸಾಮಾನ್ಯವಾದ ಮೆರೆಟ್ರಿಕ್ಸ್ ಕುಲದ ಚಿಪ್ಪಿಕಲ್ಲುಗಳೂ ಇದೇ ಕುಟುಂಬಕ್ಕೆ ಸೇರಿವೆ. ಮೇಲೆ ತಿಳಿಸಿದ ವಿಲ್ಲೊರಿಟಾ ಸಿಪ್ರಿನಾಯ್ಡಿಸ್ ಮಾತ್ರ ಸೈರೆನಿಡೇ ಎಂಬ ಬೇರೆ ಕುಟುಂಬದ್ದು. ಈ ಕುಟುಂಬವನ್ನು ಹಳೆಯ ವರದಿಗಳಲ್ಲಿ ಕಾರ್ಬಿಕ್ಯುಲಿಡೇ ಎಂದು ಬರೆಯಲಾಗಿದೆ.

5. ಹೆಸರಿನ ಇತಿಹಾಸ

ಸದರಿ ಪ್ರಭೇದಕ್ಕೆ ಇಂದಿನ ಹೆಸರು ದೊರೆತ ಬಗೆಯನ್ನು ವರ್ಷಾನುಕ್ರಮದಲ್ಲಿ ಕೆಳಗೆ ನೀಡಲಾಗಿದೆ.

1782: ಕೋಪನ್‌ಹೇಗನ್ ನಗರದಲ್ಲಿ ಪಾದ್ರಿಯಾಗಿದ್ದ ಯೊಹಾನ್ ಹೀರೊನಿಮಸ್ ಕೆಮ್ನಿಟ್ಸ್ ಅವರು ಚಿಪ್ಪುಗಳ ಸಚಿತ್ರ ಗ್ರಂಥಮಾಲೆಯಲ್ಲಿ ಇದನ್ನು ಮಲಬಾರ್ ಕರಾವಳಿಯ ಹೆಸರಿನಿಂದ ವೀನಸ್ ಮಲಬಾರಿಕಾ ಎಂದು ವಿವರಿಸಿದರು. ಆ ಗ್ರಂಥಮಾಲೆಯ ಸಂಪುಟಗಳಲ್ಲಿ ದ್ವಿನಾಮ ಪದ್ಧತಿಯನ್ನು ಕ್ರಮಬದ್ಧವಾಗಿ ಅನುಸರಿಸಿರಲಿಲ್ಲ. ಆದಕಾರಣ ಅಂತರರಾಷ್ಟ್ರೀಯ ಆಯೋಗವು 1944ರಲ್ಲಿ ಅವುಗಳನ್ನು ನಾಮಕರಣದ ಉದ್ದೇಶಕ್ಕೆ ಮಾನ್ಯವಲ್ಲವೆಂದು ತೀರ್ಮಾನಿಸಿತು.

1791: ಜರ್ಮನಿಯ ಯೊಹಾನ್ ಫ್ರೀಡ್ರಿಕ್ ಗ್ಮೆಲಿನ್ ಅವರು ಲಿನೇಯಸ್‌ರ ಗ್ರಂಥದ 13ನೇ ಆವೃತ್ತಿಯನ್ನು ಸಿದ್ಧಪಡಿಸುವಾಗ ಈ ಪ್ರಭೇದಕ್ಕೆ ವೀನಸ್ ಗ್ಯಾಲಸ್ ಎಂದು ಹೆಸರಿಟ್ಟರು.

1817: ಬ್ರಿಟನ್ನಿನ ಲೂಯಿಸ್ ವೆಸ್ಟನ್ ಡಿಲ್ವಿನ್ ಅವರು ತಮ್ಮ ಚಿಪ್ಪುಗಳ ವಿವರಣಾತ್ಮಕ ಪಟ್ಟಿಯಲ್ಲಿ ವೀನಸ್ ಮಲಬಾರಿಕಾ ಎಂಬ ಹೆಸರನ್ನು ನಿಯಮಬದ್ಧವಾಗಿ ಬಳಸಿದರು. ಮಲಬಾರಿಕಾ ಎಂಬ ಹೆಸರಿಗೆ ನಿಯಮದ ಪ್ರಕಾರ ಲೆಕ್ಕಕ್ಕೆ ಬರುವ ವರ್ಷ ಇದು.

ಆ ಕಾಲದಲ್ಲಿ ವೀನಸ್ ಎಂಬ ಒಂದೇ ಕುಲದಲ್ಲಿ ಬಹು ಸಂಖ್ಯೆಯ ಚಿಪ್ಪಿಕಲ್ಲುಗಳನ್ನು ಸೇರಿಸಲಾಗಿತ್ತು. ಅನಂತರ ಚಿಪ್ಪಿನ ಕೀಲು, ಒಳಗಿನ ಗುರುತುಗಳು ಮತ್ತು ಮೃದು ದೇಹದ ರಚನೆಯ ಆಧಾರದ ಮೇಲೆ ಅವುಗಳನ್ನು ಅನೇಕ ಕುಲಗಳಾಗಿ ವಿಂಗಡಿಸಲಾಯಿತು. ಈ ಪ್ರಭೇದವನ್ನು 1798ರಲ್ಲಿ ರೋಡಿಂಗ್ ಅವರು ಸ್ಥಾಪಿಸಿದ್ದ ಪಾಫಿಯಾ ಕುಲಕ್ಕೆ ಸೇರಿಸಲಾಯಿತು. ಹೀಗೆ ಪಾಫಿಯಾ ಮಲಬಾರಿಕಾ ಎಂಬ ಹೆಸರು ರೂಢಿಗೆ ಬಂದಿತು.

1902: ಅಮೆರಿಕದ ವಿಲಿಯಂ ಹೀಲಿ ಡಾಲ್ ಅವರು ಪ್ರೊಟಾಪಿಸ್ ಎಂಬ ಹೆಸರನ್ನು ಸ್ಥಾಪಿಸಿದರು. ಇದನ್ನು ಬಹುಕಾಲ ಪಾಫಿಯಾದ ಉಪಕುಲವೆಂದು ಪರಿಗಣಿಸಲಾಗುತ್ತಿತ್ತು. ಈಗ ಇದನ್ನು ಪ್ರತ್ಯೇಕ ಕುಲವೆಂದು ಅಂಗೀಕರಿಸಲಾಗಿದೆ.

ಮೇಲ್ಕಂಡ ವಿವರಗಳಿಂದ ಎರಡು ಬದಲಾವಣೆಗಳು ಸ್ಪಷ್ಟವಾಗುತ್ತವೆ. ಪಾಫಿಯಾ ಹೋಗಿ ಪ್ರೊಟಾಪಿಸ್ ಬಂದುದು ಕುಲದ ಬದಲಾವಣೆ. ಮಲಬಾರಿಕಾ ಹೋಗಿ ಗ್ಯಾಲಸ್ ಬಂದುದು ಆದ್ಯತಾ ನಿಯಮದ ಪರಿಣಾಮ. ಎರಡು ಹೆಸರುಗಳು ಒಂದೇ ಪ್ರಭೇದಕ್ಕೆ ಸಂಬಂಧಿಸಿವೆ ಎಂದು ತೀರ್ಮಾನವಾದಾಗ ಮೊದಲು ನಿಯಮಬದ್ಧವಾಗಿ ಪ್ರಕಟವಾದ ಹೆಸರು ಉಳಿಯುತ್ತದೆ. 1791ರ ಹೆಸರು 1817ರ ಹೆಸರಿಗಿಂತ ಹಿಂದಿನದು. ಕೆಮ್ನಿಟ್ಸ್ ಅವರ 1782ರ ಹೆಸರು ಮಾನ್ಯವಾಗಿದ್ದಲ್ಲಿ ಮಲಬಾರಿಕಾ ಎಂಬುದೇ ಉಳಿಯುತ್ತಿತ್ತು.

ಬಹುಕಾಲ ಬಳಕೆಯಲ್ಲಿದ್ದ ಹೆಸರನ್ನು ರಕ್ಷಿಸಲು ಸಂಹಿತೆಯಲ್ಲಿ ಅವಕಾಶವಿದೆ. ಆದರೆ ಅದಕ್ಕೆ ಷರತ್ತುಗಳಿವೆ. ಹಳೆಯ ಹೆಸರನ್ನು 1899ರ ನಂತರ ಯಾರೂ ಸಿಂಧುವಾದ ಹೆಸರೆಂದು ಬಳಸಿರಬಾರದು. ಹೊಸ ಹೆಸರನ್ನು ಹಿಂದಿನ 50 ವರ್ಷಗಳಲ್ಲಿ ಕನಿಷ್ಠ 10 ಮಂದಿ ಲೇಖಕರು ಕನಿಷ್ಠ 25 ಪ್ರಕಟಣೆಗಳಲ್ಲಿ ಬಳಸಿರಬೇಕು. ಗ್ಯಾಲಸ್ ಎಂಬ ಹೆಸರು 20ನೇ ಶತಮಾನದಲ್ಲಿಯೂ ಬಳಕೆಯಲ್ಲಿದ್ದ ಕಾರಣ ಮಲಬಾರಿಕಾ ಎಂಬ ಹೆಸರಿಗೆ ಈ ಅವಕಾಶ ಅನ್ವಯಿಸುವುದಿಲ್ಲ.

ಗ್ಯಾಲಸ್ ಎಂಬುದು ಲ್ಯಾಟಿನ್ ಭಾಷೆಯಲ್ಲಿ ಹುಂಜ ಎಂಬ ಅರ್ಥದ ಪದ. ಜೊಯಿಡಾ ಕಾಡುಗಳಲ್ಲಿ ಕಂಡುಬರುವ ಬೂದು ಕಾಡುಕೋಳಿಯ ವೈಜ್ಞಾನಿಕ ಹೆಸರು ಗ್ಯಾಲಸ್ ಸೊನ್ನೆರಾಟಿ. ಅಲ್ಲಿ ಗ್ಯಾಲಸ್ ಎಂಬುದು ಕುಲದ ಹೆಸರು. ಚಿಪ್ಪಿಕಲ್ಲಿನಲ್ಲಿ ಅದು ಪ್ರಭೇದಪದ. ಒಂದೇ ಪದ ಎರಡು ಕಡೆ ಕಂಡುಬಂದ ಮಾತ್ರಕ್ಕೆ ಎರಡು ಜೀವಿಗಳಿಗೆ ಸಂಬಂಧವಿದೆ ಎಂದು ಭಾವಿಸಬಾರದು. ಆದುದರಿಂದಲೇ ಪ್ರಭೇದಪದವನ್ನು ಒಂಟಿಯಾಗಿ ಬರೆಯದೆ ಯಾವಾಗಲೂ ಕುಲದ ಹೆಸರಿನೊಂದಿಗೆ ಬರೆಯತಕ್ಕದ್ದು.

6. ಹೆಸರು ಬದಲಾಗಲು ಮುಖ್ಯ ಕಾರಣಗಳು

ಜೊಯಿಡಾ ಭಾಗದ ಸಾರ್ವಜನಿಕರಿಗೆ ಹೆಸರಿನ ಬದಲಾವಣೆ ಹೊಸ ವಿಷಯವಲ್ಲ. ಈ ತಾಲ್ಲೂಕು ಹಿಂದೆ ಸೂಪಾ ತಾಲ್ಲೂಕು ಎಂದು ಹೆಸರಾಗಿತ್ತು. ಕಾಳಿ ನದಿಗೆ ಅಣೆಕಟ್ಟು ನಿರ್ಮಾಣವಾಗಿ ಸೂಪಾ ಪಟ್ಟಣವು ಮುಳುಗಡೆಯಾದ ತರುವಾಯ ಜೊಯಿಡಾ ತಾಲ್ಲೂಕು ಕೇಂದ್ರವಾಯಿತು. ಹಳೆಯ ಜಮೀನು ಪತ್ರದಲ್ಲಿ ಸೂಪಾ ಎಂದಿದ್ದರೆ ಜಮೀನು ಬೇರೆಯದಾಗುವುದಿಲ್ಲ. ಎರಡು ಹೆಸರುಗಳ ಸಂಬಂಧವನ್ನು ತೋರಿಸಿದರೆ ಸಾಕು. ದಾಂಡೇಲಿ ಹಿಂದೆ ಹಳಿಯಾಳ ತಾಲ್ಲೂಕಿನಲ್ಲಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿದೆ. ಊರು ಇದ್ದಲ್ಲಿಯೇ ಇದೆ, ಸೇರಿದ ಘಟಕ ಬದಲಾಗಿದೆ. ವೈಜ್ಞಾನಿಕ ಹೆಸರುಗಳಲ್ಲಿಯೂ ಇದೇ ಬಗೆಯ ಬದಲಾವಣೆಗಳು ಆಗುತ್ತವೆ.

(ಅ) ಸಮಾನನಾಮ: ಒಂದೇ ಪ್ರಭೇದಕ್ಕೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ವಿಜ್ಞಾನಿಗಳು ಹೆಸರಿಟ್ಟಿರುವುದು. ಮಲಬಾರಿಕಾ ಮತ್ತು ಗ್ಯಾಲಸ್ ಇದಕ್ಕೆ ಉದಾಹರಣೆ. ಇದು ಸೂಪಾ ಮತ್ತು ಜೊಯಿಡಾ ಎಂಬ ಎರಡು ಹೆಸರುಗಳಂತೆ.

(ಆ) ಕುಲದ ವರ್ಗಾವಣೆ: ಪ್ರಭೇದ ಅದೇ ಆಗಿದ್ದು, ಅದನ್ನು ಸೇರಿಸಿದ ಕುಲ ಬದಲಾಗುವುದು. ಇದು ದಾಂಡೇಲಿಯು ಹಳಿಯಾಳದಿಂದ ಬೇರ್ಪಟ್ಟಂತೆ.

(ಇ) ಪ್ರಭೇದದ ವಿಭಜನೆ: ಒಂದೇ ಎಂದು ತಿಳಿದಿದ್ದ ಪ್ರಭೇದವು ಪರಿಶೀಲನೆಯಿಂದ ಎರಡು ಅಥವಾ ಹೆಚ್ಚು ಎಂದು ಕಂಡುಬರುವುದು. ಇಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಹಳೆಯ ದಾಖಲೆಯಲ್ಲಿನ ಹೆಸರು ಇವುಗಳಲ್ಲಿ ಯಾವುದಕ್ಕೆ ಸಲ್ಲುತ್ತದೆ ಎಂಬುದನ್ನು ಮಾದರಿಯನ್ನು ನೋಡದೆ ಹೇಳಲಾಗುವುದಿಲ್ಲ.

(ಈ) ತಪ್ಪು ಗುರುತಿಸುವಿಕೆ: ಹೆಸರು ಸರಿಯಾಗಿದ್ದು, ಬೇರೆ ಪ್ರಾಣಿಗೆ ಅದನ್ನು ಬರೆದಿರುವುದು. ಇದು ನಾಮಕರಣದ ಬದಲಾವಣೆಯಲ್ಲ, ದಾಖಲೆಯ ದೋಷ. ಇದನ್ನು ತಿದ್ದುಪಡಿ ಮಾಡಬೇಕಾಗುತ್ತದೆ.

7. ಪ್ರಭೇದವನ್ನು ಗುರುತಿಸುವ ಲಕ್ಷಣಗಳು

ಹೆಸರನ್ನು ಬರೆಯುವ ಮುನ್ನ ಪ್ರಾಣಿಯನ್ನು ಸರಿಯಾಗಿ ಗುರುತಿಸುವುದು ಅಗತ್ಯ. ಅಳಿವೆಯ ಮೂರು ಸಾಮಾನ್ಯ ಚಿಪ್ಪಿಕಲ್ಲುಗಳ ನಡುವಿನ ವ್ಯತ್ಯಾಸ ಈ ಕೆಳಕಂಡಂತಿದೆ:

ಪ್ರೊಟಾಪಿಸ್ ಗ್ಯಾಲಸ್: ಚಿಪ್ಪು ದಪ್ಪವಾಗಿದ್ದು ಮೂರು ಮೂಲೆಯ ಮೊಟ್ಟೆಯಾಕಾರದಲ್ಲಿರುತ್ತದೆ. ಹೊರಮೈಯಲ್ಲಿ ಅಂಚಿಗೆ ಸಮಾನಾಂತರವಾದ ಒತ್ತೊತ್ತಾದ ಏಣುಗಳಿರುತ್ತವೆ. ಬೆರಳಿನಿಂದ ಸವರಿದಾಗ ಅವು ಸ್ಪಷ್ಟವಾಗಿ ತಿಳಿಯುತ್ತವೆ. ಬಣ್ಣ ಹಳದಿ ಮಿಶ್ರಿತ ಕಂದು. ಕಡು ಬಣ್ಣದ ಮಚ್ಚೆಗಳಿರಬಹುದು. ನೀರನ್ನು ಒಳಗೆಳೆದು ಹೊರಬಿಡುವ ಕೊಳವೆಗಳು ಗಿಡ್ಡವಾಗಿರುವುದರಿಂದ ಇದಕ್ಕೆ ಗಿಡ್ಡ ಕೊರಳಿನದು ಎಂಬ ಅರ್ಥದ ಇಂಗ್ಲಿಷ್ ಹೆಸರು ಬಂದಿದೆ.

ಮೆರೆಟ್ರಿಕ್ಸ್ ಕುಲದ ಪ್ರಭೇದಗಳು: ಹೊರಮೈ ನುಣುಪಾಗಿದ್ದು ಹೊಳಪಿನಿಂದ ಕೂಡಿರುತ್ತದೆ. ಎದ್ದುಕಾಣುವ ಏಣುಗಳಿರುವುದಿಲ್ಲ.

ವಿಲ್ಲೊರಿಟಾ ಸಿಪ್ರಿನಾಯ್ಡಿಸ್: ಚಿಪ್ಪು ದಪ್ಪವಾಗಿದ್ದು ಹೊರಪದರವು ಕಪ್ಪು ಅಥವಾ ಕಡು ಕಂದು ಬಣ್ಣದ್ದಾಗಿರುತ್ತದೆ. ಏಣುಗಳಿರುತ್ತವೆ. ಉಪ್ಪಿನಂಶ ಕಡಿಮೆ ಇರುವಲ್ಲಿ ದೊರೆಯುತ್ತದೆ.

ಬಣ್ಣವೊಂದನ್ನೇ ಆಧರಿಸಿ ತೀರ್ಮಾನಿಸಬಾರದು. ತಳದ ಮಣ್ಣಿನ ಗುಣ ಮತ್ತು ಪ್ರಾಣಿಯ ವಯಸ್ಸಿಗೆ ಅನುಗುಣವಾಗಿ ಬಣ್ಣ ವ್ಯತ್ಯಾಸವಾಗುತ್ತದೆ. ಚಿಪ್ಪಿನ ಒಳಭಾಗದ ಕೀಲಿನ ಹಲ್ಲುಗಳು ಮತ್ತು ಸ್ನಾಯುಗಳು ಅಂಟಿಕೊಂಡಿದ್ದ ಗುರುತುಗಳು ಹೆಚ್ಚು ವಿಶ್ವಾಸಾರ್ಹ. ವೆನೆರಿಡೇ ಕುಟುಂಬದ ಚಿಪ್ಪುಗಳಲ್ಲಿ ಪ್ರತಿ ಚಿಪ್ಪಿನ ಕೀಲಿನಲ್ಲಿ ಮೂರು ಮುಖ್ಯ ಹಲ್ಲುಗಳಿರುತ್ತವೆ. ಸಂದೇಹವಿದ್ದಲ್ಲಿ ವಂಶವಾಹಿ ಪರೀಕ್ಷೆಯನ್ನೂ ಸಂಶೋಧಕರು ಬಳಸುತ್ತಾರೆ.

ಜೊಯಿಡಾ, ದಾಂಡೇಲಿ, ಹಳಿಯಾಳ ಮತ್ತು ಮುಂಡಗೋಡ ತಾಲ್ಲೂಕುಗಳ ಹೊಳೆ ಕೆರೆಗಳಲ್ಲಿ ಎರಡು ಚಿಪ್ಪಿನ ಜೀವಿ ಕಂಡುಬಂದರೆ ಅದು ಮೇಲೆ ವಿವರಿಸಿದ ಯಾವುದೂ ಆಗಿರುವುದಿಲ್ಲ. ಸಿಹಿನೀರಿನ ಚಿಪ್ಪುಗಳು ಬೇರೆ ಕುಟುಂಬಗಳಿಗೆ ಸೇರಿವೆ. ದಕ್ಷಿಣ ಭಾರತದ ಕೆರೆ ಹೊಳೆಗಳಲ್ಲಿ ಸಾಮಾನ್ಯವಾದ ಲಾಮೆಲ್ಲಿಡೆನ್ಸ್ ಕುಲವು ಯೂನಿಯೋನಿಡೇ ಕುಟುಂಬದ್ದು. ಕರಾವಳಿಯ ಪಟ್ಟಿಯಿಂದ ಹೆಸರನ್ನು ನಕಲು ಮಾಡಿ ಒಳನಾಡಿನ ದಾಖಲೆಯಲ್ಲಿ ಬರೆಯಬಾರದು.

8. ಹಳೆಯ ಮತ್ತು ಇಂದಿನ ಹೆಸರುಗಳು: ಇತರ ಉದಾಹರಣೆಗಳು

ಖಾದ್ಯ ಸಿಂಪಿ: ಹಿಂದಿನ ಹೆಸರು ಕ್ರಾಸೊಸ್ಟ್ರಿಯಾ ಮದ್ರಾಸೆನ್ಸಿಸ್ (ಪ್ರೆಸ್ಟನ್, 1916). ಇಂದಿನ ಹೆಸರು ಮ್ಯಾಗಲಾನಾ ಬೈಲಿನಿಯೇಟಾ (ರೋಡಿಂಗ್, 1798). ಮ್ಯಾಗಲಾನಾ ಎಂಬ ಕುಲವನ್ನು ವಂಶವಾಹಿ ಅಧ್ಯಯನಗಳ ಆಧಾರದ ಮೇಲೆ ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕಿಸಲಾಯಿತು. ಇದಕ್ಕೆ ಅಸಮ್ಮತಿ ಸೂಚಿಸಿ ಅನೇಕ ಸಿಂಪಿ ಸಂಶೋಧಕರು 2017ರಲ್ಲಿ ಲೇಖನ ಪ್ರಕಟಿಸಿದರು. ಆದುದರಿಂದ ಎರಡೂ ಕುಲಗಳ ಹೆಸರುಗಳು ವರದಿಗಳಲ್ಲಿ ಕಂಡುಬರುತ್ತವೆ.

ರಕ್ತವರ್ಣದ ಚಿಪ್ಪಿಕಲ್ಲು: ಹಿಂದಿನ ಹೆಸರು ಅನಡಾರಾ ಗ್ರಾನೋಸಾ. ಇಂದಿನ ಹೆಸರು ಟೆಗಿಲ್ಲಾರ್ಕಾ ಗ್ರಾನೋಸಾ (ಲಿನೇಯಸ್, 1758). ಇಲ್ಲಿ ಕುಲ ಮಾತ್ರ ಬದಲಾಗಿದೆ.

ಪಚ್ಚಿಲೆ ಅಥವಾ ನೀಲಿಕಲ್ಲು: ಪೆರ್ನಾ ವಿರಿಡಿಸ್ (ಲಿನೇಯಸ್, 1758). ಲಿನೇಯಸ್ ಇದನ್ನು ಮಿಟಿಲಸ್ ಕುಲದಲ್ಲಿ ಸೇರಿಸಿದ್ದರು. ಇಂದಿನ ಹೆಸರು ಬಹುಕಾಲದಿಂದ ಸ್ಥಿರವಾಗಿದೆ.

ಕಂದು ಪಚ್ಚಿಲೆ: ಭಾರತದ ನೈಋತ್ಯ ಕರಾವಳಿಯ ಈ ಪ್ರಾಣಿಯನ್ನು 1976ರಲ್ಲಿ ಕುರಿಯಾಕೋಸ್ ಮತ್ತು ನಾಯರ್ ಅವರು ಪೆರ್ನಾ ಇಂಡಿಕಾ ಎಂಬ ಹೊಸ ಪ್ರಭೇದವೆಂದು ವಿವರಿಸಿದರು. ಇದು ಲಿನೇಯಸ್ 1758ರಲ್ಲಿ ಹೆಸರಿಸಿದ ಪೆರ್ನಾ ಪೆರ್ನಾ ಎಂಬ ಪ್ರಭೇದವೇ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು.

9. ಕಾನೂನು ಮತ್ತು ದಾಖಲೆಗಳಲ್ಲಿ ಹೆಸರಿನ ಮಹತ್ವ

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅನುಸೂಚಿಗಳಿಗೆ 2001ರಲ್ಲಿ ಹಲವು ಮೃದ್ವಂಗಿಗಳನ್ನು ಸೇರಿಸಲಾಯಿತು. ಹಿಂದೆ ಗೋವಾ ಮುಂತಾದೆಡೆ ಕಿಟಕಿಗಳಿಗೆ ಗಾಜಿನಂತೆ ಬಳಸುತ್ತಿದ್ದ ಪಾರದರ್ಶಕ ಚಿಪ್ಪಿನ ಸಿಂಪಿಯೂ ಅವುಗಳಲ್ಲಿ ಒಂದು. ಅದನ್ನು ಅನುಸೂಚಿಯಲ್ಲಿ ಪ್ಲಾಸೆಂಟಾ ಪ್ಲಾಸೆಂಟಾ ಎಂದು ನಮೂದಿಸಲಾಯಿತು. ವಿಜ್ಞಾನಿಗಳು ಅಂಗೀಕರಿಸಿರುವ ಹೆಸರು ಪ್ಲಾಕೂನಾ ಪ್ಲಾಸೆಂಟಾ (ಲಿನೇಯಸ್, 1758). ಎರಡೂ ಹೆಸರುಗಳು ಒಂದೇ ಪ್ರಾಣಿಯನ್ನು ಸೂಚಿಸುತ್ತವೆ. ಒಂದು ಹೆಸರನ್ನು ಮಾತ್ರ ಬಲ್ಲವರು ಪಟ್ಟಿಯಲ್ಲಿ ಹುಡುಕಿ, ಕಾಣದೆ, ಈ ಪ್ರಾಣಿಗೆ ರಕ್ಷಣೆ ಇಲ್ಲವೆಂದು ತಪ್ಪು ತಿಳಿಯುವ ಸಂಭವವಿದೆ. 2022ರ ತಿದ್ದುಪಡಿಯಿಂದ ಅನುಸೂಚಿಗಳನ್ನು ಪುನರ್ರಚಿಸಲಾಗಿದ್ದು, ಅದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಆದುದರಿಂದ ಯಾವುದೇ ಚಿಪ್ಪಿನ ಸಂಗ್ರಹಣೆ ಅಥವಾ ಮಾರಾಟಕ್ಕೆ ಮುನ್ನ ಚಾಲ್ತಿಯಲ್ಲಿರುವ ಅನುಸೂಚಿಯನ್ನು ಎಲ್ಲ ಸಮಾನನಾಮಗಳೊಂದಿಗೆ ಪರಿಶೀಲಿಸುವುದು ಸೂಕ್ತ.

ಜೀವವೈವಿಧ್ಯ ಅಧಿನಿಯಮ, 2002ರ ಅನ್ವಯ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳನ್ನು ರಚಿಸಲಾಗುತ್ತದೆ. ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸುವುದು ಈ ಸಮಿತಿಗಳ ಕರ್ತವ್ಯಗಳಲ್ಲಿ ಒಂದು. ಸ್ಥಳೀಯರ ತಿಳಿವಳಿಕೆಯು ಸ್ಥಳೀಯ ಹೆಸರಿನಲ್ಲಿಯೂ, ಅದೇ ಜೀವಿಯ ಗುರುತು ವೈಜ್ಞಾನಿಕ ಹೆಸರಿನಲ್ಲಿಯೂ ಒಂದೆಡೆ ದಾಖಲಾದರೆ ಮಾತ್ರ ಮುಂದಿನ ತಲೆಮಾರಿಗೆ ಅದು ಉಪಯುಕ್ತವಾಗುತ್ತದೆ.

ವ್ಯಾಪಾರದ ದೃಷ್ಟಿಯಿಂದಲೂ ಹೆಸರು ಮುಖ್ಯ. ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಅಳಿವೆಯ ಶಾರ್ಟ್ ನೆಕ್ ಕ್ಲಾಮ್ ಮೀನುಗಾರಿಕೆಗೆ 2014ರಲ್ಲಿ ಸಾಗರ ಉಸ್ತುವಾರಿ ಮಂಡಳಿಯ ಪ್ರಮಾಣಪತ್ರ ದೊರೆಯಿತು. ಭಾರತದಲ್ಲಿ ಇಂತಹ ಪ್ರಮಾಣಪತ್ರ ಪಡೆದ ಮೊದಲ ಮೀನುಗಾರಿಕೆ ಇದಾಗಿತ್ತು. ಆಗ ಬಳಕೆಯಲ್ಲಿದ್ದ ಹೆಸರು ಪಾಫಿಯಾ ಮಲಬಾರಿಕಾ. ಇಂದಿನ ಪ್ರೊಟಾಪಿಸ್ ಗ್ಯಾಲಸ್ ಎಂಬ ಹೆಸರಿನಿಂದ ಮಾತ್ರ ಹುಡುಕುವವರಿಗೆ ಆ ಕಾಲದ ದಾಖಲೆಗಳು ಸಿಗದೆ ಹೋಗಬಹುದು.

10. ಅರ್ಜಿದಾರರ ಗಮನಕ್ಕೆ

ಅರ್ಜಿ, ದೂರು ಅಥವಾ ದಾಖಲಾತಿ ನಮೂನೆಗಳಲ್ಲಿ ಚಿಪ್ಪಿಕಲ್ಲಿನ ಹೆಸರನ್ನು ಬರೆಯುವಾಗ ಈ ಕೆಳಕಂಡ ಅಂಶಗಳನ್ನು ಪಾಲಿಸುವುದು ಉಪಯುಕ್ತ:

(1) ಊರಿನಲ್ಲಿ ಬಳಕೆಯಲ್ಲಿರುವ ಹೆಸರನ್ನು ಮೊದಲು ಬರೆದು, ಭಾಷೆ ಮತ್ತು ಊರನ್ನು ತಿಳಿಸುವುದು.
(2) ವೈಜ್ಞಾನಿಕ ಹೆಸರು ಖಚಿತವಾಗಿ ತಿಳಿದಿದ್ದಲ್ಲಿ ಎರಡೂ ಪದಗಳನ್ನು ಪೂರ್ಣವಾಗಿ ಬರೆಯುವುದು. ಸಾಧ್ಯವಿದ್ದಲ್ಲಿ ರೋಮನ್ ಲಿಪಿಯಲ್ಲಿಯೂ ಬರೆಯುವುದು.
(3) ಹಳೆಯ ದಾಖಲೆಯನ್ನು ಲಗತ್ತಿಸುವಾಗ ಅದರಲ್ಲಿನ ಹೆಸರನ್ನು ಅಳಿಸದೆ, ತಿದ್ದದೆ, ಪಕ್ಕದಲ್ಲಿ ಇಂದಿನ ಹೆಸರನ್ನು ತಿಳಿಸುವುದು. ಉದಾಹರಣೆ: ಪ್ರೊಟಾಪಿಸ್ ಗ್ಯಾಲಸ್, ಹಿಂದಿನ ದಾಖಲೆಯಲ್ಲಿ ಪಾಫಿಯಾ ಮಲಬಾರಿಕಾ.
(4) ವೈಜ್ಞಾನಿಕ ಹೆಸರು ತಿಳಿಯದಿದ್ದಲ್ಲಿ ಊಹಿಸಿ ಬರೆಯಬಾರದು. ಸ್ಥಳೀಯ ಹೆಸರು, ದೊರೆತ ಸ್ಥಳ, ದಿನಾಂಕ ಮತ್ತು ಚಿಪ್ಪಿನ ಹೊರ ಹಾಗೂ ಒಳಭಾಗದ ಛಾಯಾಚಿತ್ರಗಳನ್ನು ಒದಗಿಸಿದರೆ ಪರಿಣತರು ಹೆಸರನ್ನು ನಿರ್ಧರಿಸಬಹುದು.
(5) ಒಣಗಿದ ಒಂದೆರಡು ಖಾಲಿ ಚಿಪ್ಪುಗಳನ್ನು ಜೋಡಿಯಾಗಿ ಕಾಪಾಡಿಕೊಳ್ಳುವುದು. ಮುಂದೆ ಹೆಸರು ಬದಲಾದರೂ ಚಿಪ್ಪು ಸಾಕ್ಷಿಯಾಗಿ ಉಳಿಯುತ್ತದೆ. ಕಾನೂನಿನ ರಕ್ಷಣೆ ಇರುವ ಪ್ರಭೇದಗಳಿಗೆ ಇದು ಅನ್ವಯಿಸುವುದಿಲ್ಲ.

ಕಡಲ ಜೀವಿಗಳ ಅಧ್ಯಯನಕ್ಕೆ ಸಂಬಂಧಿಸಿದಂತೆ ಕಾರವಾರದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ, ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ಅಧ್ಯಯನ ವಿಭಾಗವೂ ಇವೆ. ಪ್ರಾಣಿಗಳ ಗುರುತಿಸುವಿಕೆಗೆ ರಾಷ್ಟ್ರಮಟ್ಟದಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯು (ಸ್ಥಾಪನೆ: 1916, ಕೋಲ್ಕತ್ತ) ಕಾರ್ಯನಿರ್ವಹಿಸುತ್ತಿದೆ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹೆಸರು ಬದಲಾದರೆ ಹಳೆಯ ವರದಿಗಳು ನಿರುಪಯುಕ್ತವಾಗುತ್ತವೆಯೇ?
ಉತ್ತರ: ಇಲ್ಲ. ಸಮಾನನಾಮ ಅಥವಾ ಕುಲದ ವರ್ಗಾವಣೆಯ ಸಂದರ್ಭದಲ್ಲಿ ಹಳೆಯ ವರದಿಯ ಮಾಹಿತಿಯು ಯಥಾವತ್ತಾಗಿ ಇಂದಿನ ಹೆಸರಿಗೆ ಅನ್ವಯಿಸುತ್ತದೆ. ಪ್ರಭೇದವು ವಿಭಜನೆಯಾಗಿದ್ದಲ್ಲಿ ಮಾತ್ರ ಮರುಪರಿಶೀಲನೆ ಅಗತ್ಯ.

ಪ್ರಶ್ನೆ: ಹಳೆಯ ವರದಿಗಳಲ್ಲಿ ಪಾಫಿಯಾ ಮಲಬಾರಿಕಾ (ಕೆಮ್ನಿಟ್ಸ್) ಎಂದು ಇದ್ದರೆ ಅದು ಬೇರೆ ಪ್ರಭೇದವೇ?
ಉತ್ತರ: ಅಲ್ಲ. ಕೆಮ್ನಿಟ್ಸ್ ಅವರ ಹೆಸರನ್ನು ಕರ್ತೃವೆಂದು ಬರೆಯುವುದು ಹಿಂದಿನ ರೂಢಿಯಾಗಿತ್ತು. ಅದೇ ಪ್ರಭೇದವನ್ನು ಈಗ ಪ್ರೊಟಾಪಿಸ್ ಗ್ಯಾಲಸ್ ಎಂದು ಬರೆಯಲಾಗುತ್ತಿದೆ.

ಪ್ರಶ್ನೆ: ಇಂದಿನ ಹೆಸರು ಮುಂದೆ ಮತ್ತೆ ಬದಲಾಗಬಹುದೇ?
ಉತ್ತರ: ಬದಲಾಗಬಹುದು. ಹೊಸ ಮಾಹಿತಿ ದೊರೆತಂತೆ ವರ್ಗೀಕರಣವು ಪರಿಷ್ಕರಣೆಯಾಗುತ್ತದೆ. ಆದುದರಿಂದ ದಾಖಲೆಯಲ್ಲಿ ಹೆಸರಿನೊಂದಿಗೆ ಕರ್ತೃ ಮತ್ತು ವರ್ಷವನ್ನು ಬರೆದಿದ್ದರೆ ಮುಂದೆ ಗುರುತಿಸುವುದು ಸುಲಭವಾಗುತ್ತದೆ.

ಪ್ರಶ್ನೆ: ಸ್ಥಳೀಯ ಹೆಸರು ಮಾತ್ರ ತಿಳಿದಿರುವವರ ಮಾಹಿತಿಗೆ ಬೆಲೆ ಇದೆಯೇ?
ಉತ್ತರ: ಇದೆ. ಯಾವ ಚಿಪ್ಪಿಕಲ್ಲು ಎಲ್ಲಿ, ಯಾವ ತಿಂಗಳಿನಲ್ಲಿ ದೊರೆಯುತ್ತಿತ್ತು, ಯಾವಾಗಿನಿಂದ ಕಡಿಮೆಯಾಯಿತು ಎಂಬುದನ್ನು ಹೇಳಬಲ್ಲವರು ಅಳಿವೆಯಲ್ಲಿ ಇಳಿದು ಅದನ್ನು ಸಂಗ್ರಹಿಸುವ ಜನರೇ. ಆ ಮಾಹಿತಿ ಯಾವ ಪ್ರಭೇದಕ್ಕೆ ಸಂಬಂಧಿಸಿದ್ದು ಎಂಬುದನ್ನು ಸ್ಥಿರಪಡಿಸಲು ವೈಜ್ಞಾನಿಕ ಹೆಸರು ಸಹಾಯಕವಾಗುತ್ತದೆ.